ಭೂಮಿಯನ್ನು ತೂಗಿದ ಕಥೆ

ಮಾವಿನ ಹಣ್ಣು ಮರದಿಂದ ಬಿದ್ದರೆ ಭೂಮಿಯು ಅದನ್ನು ಸೆಳೆಯಿತೆನ್ನುತ್ತೇವೆ. ಹಣ್ಣೂ ಭೂಮಿಯನ್ನು ಅಷ್ಟೇ ಬಲದಿಂದ ಸೆಳೆಯುತ್ತದೆಂಬುದನ್ನು ಮರೆಯುತ್ತೇವೆ. ೧೬೮೭ರಲ್ಲಿ ಪ್ರಕಟವಾದ ‘ಪ್ರಿನ್ಸಿಪಿಯಾ’ ಗ್ರಂಥದಲ್ಲಿ ನ್ಯೂಟನ್ನನು ಪ್ರತಿಪಾದಿಸಿದ ನಿಯಮವಿದು: ವಿಶ್ವದ ಯಾವ ಎರಡು ವಸ್ತುಗಳೂ ಪರಸ್ಪರ ಆಕರ್ಷಿಸುತ್ತವೆ, ಒಂದರ ದ್ರವ್ಯರಾಶಿಯು ಇಮ್ಮಡಿಯಾದರೆ ಸೆಳೆತವೂ ಇಮ್ಮಡಿಯಾಗುವುದು, ನಡುವಣ ದೂರವು ಇಮ್ಮಡಿಯಾದರೆ ಸೆಳೆತವು ನಾಲ್ಕನೆಯ ಒಂದು ಪಾಲಿಗೆ ಇಳಿಯುವುದು.

ನಿಯಮವೇನೋ ಗ್ರಹಗಳ ಚಲನೆಯಿಂದ ಸಿದ್ಧಿಸಿತು. ಆದರೆ ನಮ್ಮ ಕಣ್ಣೆದುರಿನ ಎರಡು ಗುಂಡುಗಳ ನಡುವೆ ಈ ಸೆಳೆತವನ್ನು ಕಂಡವರಾರು? ಇಡೀ ಬೆಟ್ಟದ ಸೆಳೆತವೂ ಗೋಚರವಾಗದೆಂದು ನ್ಯೂಟನ್ನನೇ ಭಾವಿಸಿದ್ದನು. ೧೭೭೪ರಲ್ಲಿ ಮ್ಯಾಸ್ಕಲಿನ್ ಎಂಬ ಜ್ಯೋತಿರ್ವಿಜ್ಞಾನಿಯು ಸ್ಕಾಟ್ಲೆಂಡಿನ ಶಿಹ್ಯಾಲಿಯನ್ ಬೆಟ್ಟದ ಬಳಿ ತೂಗುಗುಂಡು ಬೆಟ್ಟದ ಕಡೆಗೆ ವಾಲುವುದನ್ನು ಅಳೆದು ತೋರಿಸಿದನು. ಆದರೂ ಬೆಟ್ಟದ ಒಡಲಲ್ಲಿರುವ ಕಲ್ಲಿನ ತೂಕವನ್ನು ಅಂದಾಜಿನಿಂದಲೇ ಹೇಳಬೇಕಾಗಿತ್ತು.

ಜಾನ್ ಮಿಚೆಲ್ ಎಂಬ ಪಾದ್ರಿಯು ಬೆಟ್ಟಕ್ಕೆ ಬದಲಾಗಿ ಸೀಸದ ಗುಂಡುಗಳನ್ನಿಡುವ ಉಪಾಯವನ್ನು ಕಂಡು ಉಪಕರಣವನ್ನೂ ನಿರ್ಮಿಸಿದನು. ಪ್ರಯೋಗ ನಡೆಸುವ ಮೊದಲೇ, ೧೭೯೩ರಲ್ಲಿ, ಅವನು ತೀರಿಕೊಂಡನು. ಆ ಉಪಕರಣವು ಕಡೆಗೆ ಹೆನ್ರಿ ಕ್ಯಾವೆಂಡಿಷನ ಕೈಸೇರಿತು. ೬೫ ವರ್ಷ ದಾಟಿದ್ದ ಈ ಮಿತಭಾಷಿಯು ೧೭೯೭-೯೮ರಲ್ಲಿ ಅದನ್ನು ಬಹುಮಟ್ಟಿಗೆ ಹೊಸದಾಗಿ ಕಟ್ಟಿ ಪ್ರಯೋಗಕ್ಕೆ ತೊಡಗಿದನು.

ಆರಡಿ ಉದ್ದದ ಮರದ ದಂಡವೊಂದನ್ನು ಸಣ್ಣ ತಂತಿಯಿಂದ ತೂಗಹಾಕಿ, ಅದರ ಎರಡು ತುದಿಗಳಿಗೂ ಎರಡಂಗುಲದ ಸೀಸದ ಗುಂಡುಗಳನ್ನು ಕಟ್ಟಲಾಗಿತ್ತು. ಸುಮಾರು ೩೫೦ ಪೌಂಡು ತೂಗುವ ದೊಡ್ಡ ಗುಂಡುಗಳೆರಡನ್ನು ಸಮೀಪಕ್ಕೆ ತಂದೊಡನೆ ಸಣ್ಣ ಗುಂಡುಗಳು ಅವುಗಳತ್ತ ಸರಿಯುವುವು. ತಂತಿಯು ತಿರುಚಿಕೊಂಡು ಎದುರೊತ್ತುವುದು. ಆ ತಿರುಚೇ ಸೆಳೆತದ ಅಳತೆ. ಆ ಸೆಳೆತವಾದರೋ ಸಣ್ಣ ಗುಂಡಿನ ತೂಕದ ನಾಲ್ಕೈದು ಕೋಟಿಯಲ್ಲಿ ಒಂದು ಪಾಲು! ಮೈಯ ಬಿಸಿಯಿಂದೆದ್ದ ಗಾಳಿಯೂ ಅದನ್ನು ಕೆಡಿಸಬಲ್ಲುದು. ಆದುದರಿಂದ ಕ್ಯಾವೆಂಡಿಷನು ಉಪಕರಣವನ್ನು ಕೋಣೆಯೊಳಗೆ ಮುಚ್ಚಿಟ್ಟು, ಹೊರಗೆ ನಿಂತು, ದೂರದರ್ಶಕದಿಂದ ನೋಡಿದನು.

ಗುಂಡನ್ನು ಭೂಮಿಯು ಎಷ್ಟು ಸೆಳೆಯುತ್ತದೆಂಬುದು ಅದರ ತೂಕದಿಂದಲೇ ತಿಳಿದಿದೆ. ತೂಕ ಗೊತ್ತಿರುವ ಸೀಸವು ಎಷ್ಟು ಸೆಳೆಯುತ್ತದೆಂಬುದೂ ತಿಳಿದರೆ, ದೂರಗಳನ್ನು ಗಣಿಸಿ ಭೂಮಿಯ ದ್ರವ್ಯರಾಶಿಯನ್ನು ಹೇಳಬಹುದು. ಭೂಮಿಯು ತನ್ನಷ್ಟೇ ಗಾತ್ರದ ನೀರಿಗಿಂತ ೫.೪೮ ಪಾಲು ಭಾರವೆಂದು ಅವನು ೧೭೯೮ರಲ್ಲಿ ಪ್ರಕಟಿಸಿದನು. ಸರಾಸರಿ ತೆಗೆಯುವಾಗ ಒಂದು ಸಣ್ಣ ತಪ್ಪು ನುಸುಳಿತ್ತು, ತಿದ್ದಿದರೆ ೫.೪೫ ಆಗುತ್ತದೆ. ಇಂದಿನ ಬೆಲೆ ೫.೫೧. ಮೇಲಿನ ಬಂಡೆಗಳು ನೀರಿನ ಮೂರು ಪಾಲಿನಷ್ಟೂ ಭಾರವಿಲ್ಲದಿರುವುದರಿಂದ, ಭೂಗರ್ಭದಲ್ಲಿ ಲೋಹದಂತಹ ಭಾರವಸ್ತುವಿರಲೇಬೇಕೆಂಬುದು ಇದರಿಂದ ಸ್ಪಷ್ಟವಾಯಿತು.

ಇಂದಿಗೂ ಪ್ರಯೋಗಶಾಲೆಗಳು ಈ ಸೆಳೆತವನ್ನು ಅಳೆಯುತ್ತಲೇ ಇವೆ. ಅವುಗಳ ಉತ್ತರಗಳು ಪೂರ್ಣವಾಗಿ ಒಂದಕ್ಕೊಂದು ಹೊಂದುವುದಿಲ್ಲ. ಕ್ಯಾವೆಂಡಿಷನು ತನ್ನ ಲೇಖನದ ಮೊದಲಲ್ಲೇ ಮೃತನಾದ ಮಿಚೆಲ್ಲನ ಹೆಸರನ್ನು ಹೇಳಿ, ಉಪಾಯವು ಅವನದೆಂದು ಒಪ್ಪಿಕೊಂಡನು. ಭೂಮಿಯನ್ನು ತೂಗಿದ ಆ ಕೈ, ಇನ್ನೊಬ್ಬನಿಗೆ ಸಲ್ಲಬೇಕಾದುದನ್ನೂ ಸರಿಯಾಗಿಯೇ ತೂಗಿತು.