ಯಳಂದೂರಿನ ರಾತ್ರಿ ಮಾತ್ರೆ

ಮೂರ್ಛೆರೋಗಕ್ಕೆ ಇಂದಿಗೂ ಬಳಕೆಯಲ್ಲಿರುವ ಪ್ರಮುಖ ಔಷಧಗಳಲ್ಲಿ ಫಿನೋಬಾರ್ಬಿಟಾಲ್ ಎಲ್ಲಕ್ಕಿಂತ ಹಳೆಯದು. ಬಾರ್ಬಿಟುರೇಟ್ ಗುಂಪಿನ ಈ ಔಷಧ ಕರ್ನಾಟಕದ ಮೆಡಿಕಲ್ ಅಂಗಡಿಗಳಲ್ಲಿ ‘ಗಾರ್ಡಿನಾಲ್’ ಎಂದೇ ಪರಿಚಿತ. 1912ರಲ್ಲಿ ಜರ್ಮನಿಯ ಬೇಯರ್ ಕಂಪನಿ ‘ಲ್ಯೂಮಿನಾಲ್’ ಎಂಬ ಹೆಸರಿನಲ್ಲಿ ಇದನ್ನು ಮಾರಾಟಕ್ಕೆ ತಂದದ್ದು ನಿದ್ದೆಯ ಮಾತ್ರೆಯಾಗಿ. ಅದೇ ವರ್ಷ ಫ್ರೈಬುರ್ಗ್‌ನ ಯುವ ವೈದ್ಯ ಆಲ್ಫ್ರೆಡ್ ಹಾಪ್ಟ್‌ಮನ್, ಮೂರ್ಛೆರೋಗಿಗಳು ರಾತ್ರಿ ಸುಮ್ಮನೆ ಮಲಗಲಿ ಎಂದು ಇದನ್ನು ಕೊಟ್ಟು ನೋಡಿದರು. ನಿದ್ದೆಯೇನೋ ಬಂತು, ಅದರ ಜೊತೆಗೆ ಹಗಲಿನ ಫಿಟ್ಸ್ ಕೂಡ ಕಡಿಮೆಯಾಯಿತು. ಅಲ್ಲಿಯವರೆಗೆ ಐವತ್ತು ವರ್ಷ ನಡೆದದ್ದು ಬ್ರೋಮೈಡ್. ಅದನ್ನು ಕುಡಿದವರಿಗೆ ಮೈಮೇಲೆ ಗುಳ್ಳೆ, ಬುದ್ಧಿಗೆ ಮಂಕು.

ಹಳ್ಳಿಗಳಲ್ಲಿ ಈ ಕಾಯಿಲೆಗೆ ಮಲರೋಗವೆಂಬ ಹೆಸರೂ ಇದೆ. ಬಿದ್ದವರ ಕೈಗೆ ಕಬ್ಬಿಣದ ಬೀಗದ ಕೈ ತುರುಕುವುದು, ಮೂಗಿಗೆ ಈರುಳ್ಳಿಯನ್ನೋ ಚಪ್ಪಲಿಯನ್ನೋ ಹಿಡಿಯುವುದು ಹಳೆಯ ಉಪಚಾರ. ಫಿಟ್ಸ್ ಸಾಮಾನ್ಯವಾಗಿ ಎರಡು ಮೂರು ನಿಮಿಷದಲ್ಲಿ ತಾನಾಗಿಯೇ ನಿಲ್ಲುತ್ತದೆ. ಹೆಸರು ಮಾತ್ರ ಬೀಗದ ಕೈಗೆ.

ಮಾತ್ರೆ ಹಳ್ಳಿಯಲ್ಲಿ ಎಷ್ಟರಮಟ್ಟಿಗೆ ಫಲಕೊಡಬಲ್ಲದು ಎಂಬುದನ್ನು ತೋರಿಸಿದ್ದು ಬಿಳಿಗಿರಿರಂಗನ ಬೆಟ್ಟದ ತಪ್ಪಲಿನ ಯಳಂದೂರು. ಬೆಂಗಳೂರಿನ ನರರೋಗ ತಜ್ಞ ಕೆ. ಎಸ್. ಮಣಿ ಮತ್ತು ಸಂಗಡಿಗರು 1990–91ರಲ್ಲಿ ಈ ಪುಟ್ಟ ತಾಲ್ಲೂಕಿನ ಸುಮಾರು 65 ಸಾವಿರ ಜನರಲ್ಲಿ ಸಮೀಕ್ಷೆ ನಡೆಸಿದರು. ಸಾವಿರಕ್ಕೆ ನಾಲ್ಕೈದು ಮಂದಿಯಲ್ಲಿ ಮೂರ್ಛೆರೋಗ ಕಂಡುಬಂತು. ತಲೆಗೆ ಬಿಸಿನೀರು ಹುಯ್ದುಕೊಳ್ಳುವಾಗ ಬರುವ ಫಿಟ್ಸ್ ಅಲ್ಲಿ ಅಪರೂಪವೇನಲ್ಲ. ಹಂಡೆಯ ಸುಡುನೀರನ್ನು ಚೊಂಬಿನಿಂದ ಒಂದೇ ಸಮನೆ ತಲೆಯ ಮೇಲೆ ಸುರಿಯುವ ದಕ್ಷಿಣದ ಸ್ನಾನವೇ ಇದಕ್ಕೆ ಕಾರಣವೆಂದು ವೈದ್ಯರು ಗುರುತಿಸಿದ್ದಾರೆ. ಎಷ್ಟೋ ಜನರಿಗೆ ನೀರಿನ ಬಿಸಿ ಇಳಿಸಿದರೆ ಸಾಕಾಗುತ್ತದೆ.

ಉಳಿದವರಲ್ಲಿ 135 ಮಂದಿಗೆ ಫಿನೋಬಾರ್ಬಿಟಾಲನ್ನೋ ಫಿನೈಟಾಯಿನ್ ಎಂಬ ಇನ್ನೊಂದು ಔಷಧವನ್ನೋ, ಕೆಲವರಿಗೆ ಎರಡನ್ನೂ ಕೊಟ್ಟು ಐದು ವರ್ಷ ಗಮನಿಸಲಾಯಿತು. 2001ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಫಲಿತಾಂಶದ ಪ್ರಕಾರ, ಈ ಅಗ್ಗದ ಹಳೆಯ ಔಷಧಗಳಿಂದಲೇ ಬಹಳಷ್ಟು ಮಂದಿಯ ಫಿಟ್ಸ್ ಹತೋಟಿಗೆ ಬಂತು. ಚಿಕಿತ್ಸೆಗೆ ಮುಂಚೆ ಮೂವತ್ತಕ್ಕಿಂತ ಹೆಚ್ಚು ಸಲ ಫಿಟ್ಸ್ ಬಂದವರಲ್ಲಿ ಮಾತ್ರ ಗುಣ ಕಡಿಮೆ. ಅಂದರೆ ಮಂತ್ರ, ತಾಯತ ಎಂದು ಕಳೆದ ವರ್ಷಗಳಿಗೆ ರೋಗಿಯೇ ಬೆಲೆ ತೆರಬೇಕಾಗಿತ್ತು.

ಫಿನೋಬಾರ್ಬಿಟಾಲ್ ಹಳ್ಳಿಗೆ ಹೊಂದಲು ಬೆಲೆಯೊಂದೇ ಕಾರಣವಲ್ಲ. ಅದು ಮೈಯಿಂದ ಬಹಳ ನಿಧಾನವಾಗಿ ಇಳಿಯುತ್ತದೆ. ನುಂಗಿದ್ದರಲ್ಲಿ ಅರ್ಧ ಕರಗಲು ಮೂರು ನಾಲ್ಕು ದಿನ ಬೇಕು. ಹೀಗಾಗಿ ರಾತ್ರಿ ಊಟವಾದ ಮೇಲೆ ಒಂದು ಸಲ ತೆಗೆದುಕೊಂಡರೆ ಆಯಿತು, ಕೂಲಿಗೆ ಹೋಗುವವರು ಮಧ್ಯಾಹ್ನದ ಮಾತ್ರೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗಬೇಕಿಲ್ಲ.

ತೊಂದರೆಗಳೂ ಉಂಟು. ಮೊದಲ ವಾರಗಳಲ್ಲಿ ತೂಕಡಿಕೆ ಸಾಮಾನ್ಯ. ಮಕ್ಕಳಲ್ಲಿ ಕೆಲವೊಮ್ಮೆ ಇದಕ್ಕೆ ತದ್ವಿರುದ್ಧವಾಗಿ ಹಟ, ಚಡಪಡಿಕೆ ಹೆಚ್ಚುತ್ತದೆ. ಪಾಠದಲ್ಲಿ ಗಮನ ನಿಲ್ಲುವುದಿಲ್ಲ. ಯಕೃತ್ತಿನ ಕೆಲಸವನ್ನು ಚುರುಕುಗೊಳಿಸುವುದರಿಂದ ಗರ್ಭನಿರೋಧಕ ಗುಳಿಗೆ, ರಕ್ತ ತಿಳಿಯಾಗಿಸುವ ವಾರ್ಫರಿನ್ ಮುಂತಾದವುಗಳ ಬಲ ಕುಗ್ಗುತ್ತದೆ. ಬಸುರಿಯಲ್ಲಿ ಮಗುವಿನ ಅಂಗದೋಷದ ಅಪಾಯವಿರುವುದರಿಂದ ಮೊದಲೇ ವೈದ್ಯರ ಸಲಹೆ ಬೇಕು. ಮೈಯೆಲ್ಲ ಗಂದೆ ಎದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಹೆಂಡದ ಜೊತೆ ಸೇರಿದರೆ, ಅಥವಾ ಪ್ರಮಾಣ ಮೀರಿದರೆ, ಉಸಿರಾಟವೇ ನಿಲ್ಲಬಹುದು. ನಾಜಿ ಜರ್ಮನಿಯ ಆಸ್ಪತ್ರೆಗಳಲ್ಲಿ ಅಂಗವಿಕಲ ಮಕ್ಕಳನ್ನು ಕೊಲ್ಲಲು ಬಳಸಿದ್ದು ಇದೇ ಲ್ಯೂಮಿನಾಲನ್ನು. ಅದನ್ನು ಮೂರ್ಛೆರೋಗಿಗಳಿಗೆ ಕೊಟ್ಟು ನೋಡಿದ್ದ ಹಾಪ್ಟ್‌ಮನ್ ಕೂಡ, ಯಹೂದಿಯಾಗಿದ್ದರಿಂದ, ಆ ಆಡಳಿತದಲ್ಲಿ ದೇಶಬಿಟ್ಟು ಅಮೆರಿಕ ಸೇರಬೇಕಾಯಿತು.

ಎಲ್ಲಕ್ಕಿಂತ ಹೆಚ್ಚು ಅಪಾಯ ತರುವುದು ಮಾತ್ರೆಯನ್ನು ಥಟ್ಟನೆ ಬಿಡುವುದು. ಆರು ತಿಂಗಳು ಫಿಟ್ಸ್ ಬಾರದಿದ್ದರೆ ವಾಸಿಯಾಯಿತೆಂದು ಮನೆಯವರು ನಿಲ್ಲಿಸಿಬಿಡುತ್ತಾರೆ. ಔಷಧ ನಿಧಾನವಾಗಿ ಇಳಿಯುವುದರಿಂದ ಮೊದಲ ದಿನ ಏನೂ ಆಗುವುದಿಲ್ಲ, ಎರಡನೆಯ ದಿನವೂ ಇಲ್ಲ. ಆಮೇಲೆ ಒಂದರ ಹಿಂದೊಂದು ಫಿಟ್ಸ್ ಬಂದು, ನಡುವೆ ಎಚ್ಚರವೇ ಆಗದೆ ಜೀವಕ್ಕೆ ಕುತ್ತಾಗಬಹುದು. ಫಿಟ್ಸ್ ಇಲ್ಲದೆ ಕೆಲವು ವರ್ಷ ಕಳೆದ ಮೇಲೆ, ವೈದ್ಯರು ಹೇಳಿದಂತೆ, ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಇಳಿಸಿಯೇ ಇದನ್ನು ನಿಲ್ಲಿಸಬೇಕು.