ಯುದ್ಧಭೂಮಿಯ ಸುದ್ದಿ: ಕಂಡವರು, ಕಾಣಗೊಡದವರು

1854ರವರೆಗೆ ಯುದ್ಧದ ಸುದ್ದಿ ಎಂದರೆ ಬಹುಮಟ್ಟಿಗೆ ದಂಡನಾಯಕರು ಬರೆದು ಕಳಿಸಿದ ಒಕ್ಕಣೆಯೇ. ಲಂಡನ್ನಿನ ‘ದಿ ಟೈಮ್ಸ್’ ಪತ್ರಿಕೆಗಾಗಿ ಕ್ರಿಮಿಯಾಕ್ಕೆ ಹೋದ ವಿಲಿಯಂ ಹೋವರ್ಡ್ ರಸೆಲ್ ಆ ಪದ್ಧತಿಯನ್ನು ಮುರಿದ. ಚಳಿಯಲ್ಲಿ ಹೊದಿಕೆಯಿಲ್ಲದೆ ನರಳುವ ಸಿಪಾಯಿಗಳು, ಕಾಲರಾ, ಆರೈಕೆಯಿಲ್ಲದ ಗಾಯಾಳುಗಳು, ಎಲ್ಲವೂ ಅವನ ವರದಿಗಳಲ್ಲಿ ಬಂದವು. 1855ರ ಆರಂಭದಲ್ಲಿ ಪ್ರಧಾನಿ ಅಬರ್ಡೀನ್ ಸರ್ಕಾರ ಬಿದ್ದುದರಲ್ಲಿ ಈ ಬರಹಗಳ ಪಾಲು ದೊಡ್ಡದು. ಆದರೆ ಸೇನೆಯೂ ಪಾಠ ಕಲಿಯಿತು. ಶತ್ರುವಿಗೆ ನೆರವಾಗುವಂಥ ವಿವರ ಬರೆದ ವರದಿಗಾರರನ್ನು ಹೊರಗಟ್ಟಬಹುದೆಂಬ ಆಜ್ಞೆ 1856ರಲ್ಲಿ ಬಂತು. ಒಂದು ಯುದ್ಧದಲ್ಲಿ ಪತ್ರಕರ್ತರು ಕಂಡುಕೊಂಡ ದಾರಿಯನ್ನು ಮುಂದಿನ ಯುದ್ಧದಲ್ಲಿ ಪ್ರಭುತ್ವ ಮುಚ್ಚುತ್ತದೆ. ಈ ಕ್ಷೇತ್ರದ ಚರಿತ್ರೆಯುದ್ದಕ್ಕೂ ನಡೆದಿರುವುದು ಇದೇ.

ಎರಡು ಮಹಾಯುದ್ಧಗಳಲ್ಲಿ ಸೆನ್ಸಾರ್ ಕತ್ತರಿಯೇ ಆಳಿತು. ವಿಯೆಟ್ನಾಂನಲ್ಲಿ ಅದು ಸಡಿಲವಾಯಿತು. ಅಮೆರಿಕ ಆ ಯುದ್ಧವನ್ನು ಸೋತದ್ದು ಟಿವಿಯಿಂದಾಗಿ ಎನ್ನುವವರು ಇಂದಿಗೂ ಇದ್ದಾರೆ. ನನಗೆ ಆ ಮಾತಿನಲ್ಲಿ ನಂಬಿಕೆಯಿಲ್ಲ. 1968ರ ಮಾರ್ಚ್‌ನಲ್ಲಿ ಮೈ ಲಾಯ್ ಹಳ್ಳಿಯಲ್ಲಿ ಅಮೆರಿಕದ ಸೈನಿಕರು ನಡೆಸಿದ ಹತ್ಯಾಕಾಂಡ ಹೊರಬಿದ್ದದ್ದು 1969ರ ನವೆಂಬರ್‌ನಲ್ಲಿ. ಅದನ್ನು ಹೊರಗೆಳೆದ ಪತ್ರಕರ್ತ ಸೀಮೋರ್ ಹರ್ಷ್ ಯುದ್ಧಭೂಮಿಯಲ್ಲಿರಲಿಲ್ಲ. ಅಮೆರಿಕದಲ್ಲೇ ಊರೂರು ಅಲೆದು ಸೈನಿಕರನ್ನು ಹುಡುಕಿ ಮಾತನಾಡಿಸಿದ. ಅಷ್ಟೊಂದು ಕ್ಯಾಮೆರಾಗಳಿದ್ದ ಯುದ್ಧದಲ್ಲೂ ಅತಿ ಘೋರವಾದದ್ದು ಇಪ್ಪತ್ತು ತಿಂಗಳು ಅಡಗಿಯೇ ಇತ್ತು.

ನಮ್ಮ ಉಪಖಂಡದ ದೊಡ್ಡ ಉದಾಹರಣೆ 1971ರದು, ಅದಕ್ಕೆ ಕರ್ನಾಟಕದ ನಂಟೂ ಇದೆ. ಬೆಳಗಾವಿಯಲ್ಲಿ ಹುಟ್ಟಿದ ಆಂಥೋನಿ ಮಸ್ಕರೇನಸ್ ಕರಾಚಿಯಲ್ಲಿ ಪತ್ರಕರ್ತರಾಗಿದ್ದರು. ಆ ವರ್ಷ ಏಪ್ರಿಲ್‌ನಲ್ಲಿ ಪಾಕಿಸ್ತಾನ ಸೇನೆ ಅವರನ್ನೂ ಸೇರಿಸಿ ಎಂಟು ಮಂದಿ ಪತ್ರಕರ್ತರನ್ನು ಪೂರ್ವ ಪಾಕಿಸ್ತಾನಕ್ಕೆ ಕರೆದೊಯ್ದಿತು, ಎಲ್ಲ ಶಾಂತವಾಗಿದೆ ಎಂದು ಬರೆಸಲು. ಮಿಕ್ಕ ಏಳು ಮಂದಿ ಹೇಳಿಸಿದ್ದನ್ನು ಬರೆದರು. ಮಸ್ಕರೇನಸ್ ಲಂಡನ್ನಿಗೆ ಹೋಗಿ ‘ಸಂಡೇ ಟೈಮ್ಸ್’ ಸಂಪಾದಕ ಹೆರಾಲ್ಡ್ ಇವಾನ್ಸ್ ಅವರಿಗೆ ಸೇನೆ ನಡೆಸುತ್ತಿದ್ದ ಕೊಲೆಗಳ ಬಗ್ಗೆ ಕಂಡದ್ದನ್ನೆಲ್ಲ ಹೇಳಿ, ಹಿಂತಿರುಗಿ, ಹೆಂಡತಿ ಮಕ್ಕಳನ್ನು ಮೊದಲು ಹೊರಗೆ ಕಳಿಸಿ, ತಾವು ಅಫ್ಘಾನಿಸ್ತಾನದ ಗಡಿ ದಾಟಿದರು. ಜೂನ್ 13ರಂದು ಲೇಖನ ಅಚ್ಚಾಯಿತು. ತಲೆಬರಹ ‘ನರಮೇಧ’ ಎಂಬ ಒಂದೇ ಮಾತು. ಸೇನೆಯ ಬೆಂಗಾವಲಿನಲ್ಲೇ ಹೋದವರು ಅವರು. ಸೇನೆ ತೋರಿಸಿದ್ದನ್ನು ನೋಡುತ್ತಲೇ ಅದು ತೋರಿಸಬಾರದೆಂದಿದ್ದುದನ್ನೂ ನೋಡಿದರು, ಅಧಿಕಾರಿಗಳು ಊಟದ ಮೇಜಿನಲ್ಲಿ ಆಡಿದ ಮಾತು ಕೇಳಿಸಿಕೊಂಡರು. ಆದರೆ ಅವರಿಗೆ ಬರೆಯಲು ಇನ್ನೊಂದು ದೇಶದ ಪತ್ರಿಕೆ ಬೇಕಾಯಿತು, ಬದುಕಲು ಇನ್ನೊಂದು ದೇಶವೇ ಬೇಕಾಯಿತು.

1982ರ ಫಾಕ್‌ಲೆಂಡ್ಸ್ ಯುದ್ಧದಲ್ಲಿ ಬ್ರಿಟನ್ ವರದಿಗಾರರನ್ನು ತನ್ನ ಹಡಗುಗಳಲ್ಲೇ ಕರೆದೊಯ್ದಿತು. ಸುದ್ದಿ ಕಳಿಸಲೂ ಅವೇ ಹಡಗುಗಳ ಮರ್ಜಿ. 2003ರಲ್ಲಿ ಇರಾಕ್‌ಗೆ ನುಗ್ಗಿದ ಅಮೆರಿಕದ ಪಡೆಗಳ ಜೊತೆ ಐನೂರಕ್ಕೂ ಹೆಚ್ಚು ‘ಎಂಬೆಡೆಡ್’ ಪತ್ರಕರ್ತರಿದ್ದರು. ಪಡೆಯೊಳಗಿನ ಬದುಕು ಕಣ್ಣಿಗೆ ಕಟ್ಟುವಂತೆ ಬಂತು, ಗುಂಡು ಬಿದ್ದ ಮನೆಯೊಳಗಿನದು ಬರಲಿಲ್ಲ. ಅದನ್ನು ನೋಡಲು ಬಾಗ್ದಾದಿನಲ್ಲಿ ಉಳಿದ ಪತ್ರಕರ್ತರ ಮೇಲೆ ಏಪ್ರಿಲ್ 8ರಂದು ಅಮೆರಿಕದ್ದೇ ದಾಳಿ ನಡೆಯಿತು. ಪ್ಯಾಲೆಸ್ಟೈನ್ ಹೋಟೆಲ್‌ನಲ್ಲಿ ತಾರಸ್ ಪ್ರೊತ್ಸ್ಯೂಕ್, ಹೊಸೆ ಕೌಸೊ, ಅಲ್ ಜಜೀರಾ ಕಚೇರಿಯಲ್ಲಿ ತಾರಿಕ್ ಅಯ್ಯೂಬ್ ಸತ್ತರು.

ಸುದ್ದಿಮಾಧ್ಯಮವೇ ಆಯುಧವಾದದ್ದೂ ಉಂಟು. 1994ರಲ್ಲಿ ರುವಾಂಡಾದ ಆರ್‌ಟಿಎಲ್‌ಎಂ ರೇಡಿಯೊ ತುತ್ಸಿ ಜನಾಂಗದವರನ್ನು ಜಿರಲೆಗಳೆಂದು ಕರೆಯುತ್ತ ಕೊಲೆಗೆ ಹುರಿದುಂಬಿಸಿತು. 2003ರಲ್ಲಿ ವಿಶ್ವಸಂಸ್ಥೆಯ ನ್ಯಾಯಮಂಡಳಿ ಅದರ ಸ್ಥಾಪಕರಲ್ಲಿ ಇಬ್ಬರನ್ನೂ ‘ಕಂಗೂರ’ ಪತ್ರಿಕೆಯ ಸಂಪಾದಕನನ್ನೂ ಅಪರಾಧಿಗಳೆಂದು ಸಾರಿತು.

ಪತ್ರಕರ್ತರನ್ನು ನಾಗರಿಕರೆಂದೇ ಪರಿಗಣಿಸಿ ರಕ್ಷಿಸಬೇಕೆಂದು ಜಿನೀವಾ ಒಪ್ಪಂದಗಳ 1977ರ ಪೂರಕ ವಿಧಿ ಹೇಳುತ್ತದೆ. ಆ ರಕ್ಷಣೆ ಸ್ಥಳೀಯರಿಗೆ ದಕ್ಕಿದ್ದು ಅತಿ ಕಡಿಮೆ. 2023ರ ಅಕ್ಟೋಬರ್‌ನಲ್ಲಿ ಯುದ್ಧ ಶುರುವಾದಾಗಿನಿಂದ ಇಸ್ರೇಲ್ ವಿದೇಶಿ ವರದಿಗಾರರನ್ನು ಸ್ವತಂತ್ರವಾಗಿ ಗಾಜಾದೊಳಗೆ ಬಿಡಲಿಲ್ಲ. ಜಗತ್ತು ಕಂಡದ್ದೆಲ್ಲ ಹೆಚ್ಚುಕಡಿಮೆ ಅಲ್ಲಿನ ಪ್ಯಾಲೆಸ್ಟೀನಿ ಪತ್ರಕರ್ತರ ಕಣ್ಣಿಂದ. ತಮ್ಮ ಮನೆ ಕುಸಿದ ಸುದ್ದಿಯನ್ನೂ ಅವರೇ ವರದಿ ಮಾಡಬೇಕಾಯಿತು. ಪತ್ರಕರ್ತರ ರಕ್ಷಣಾ ಸಮಿತಿಯ ಲೆಕ್ಕದಲ್ಲಿ 2024ರಲ್ಲಿ ಲೋಕದಾದ್ಯಂತ ಹತರಾದ ಪತ್ರಕರ್ತರು ಕನಿಷ್ಠ 124. ಅವರಲ್ಲಿ ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ಮಂದಿ ಇಸ್ರೇಲ್ ಕೈಯಲ್ಲಿ ಸತ್ತವರು.

ನಮ್ಮಲ್ಲಿ ನಿರ್ಬಂಧ ಎರಡು ಬಗೆಯಲ್ಲಿ ಬಂದಿದೆ. 2008ರ ಮುಂಬೈ ದಾಳಿಯನ್ನು ಚಾನೆಲ್‌ಗಳು ನೇರಪ್ರಸಾರ ಮಾಡಿದ ರೀತಿಯನ್ನು 2012ರ ಕಸಬ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಖಂಡಿಸಿತು. ಉಗ್ರನಿಗ್ರಹ ಕಾರ್ಯಾಚರಣೆಯ ನೇರಪ್ರಸಾರವನ್ನು 2015ರ ನಿಯಮ ತಡೆದದ್ದು ಸರಿಯೇ, ಅಲ್ಲಿ ಕಮಾಂಡೊಗಳ ಜೀವದ ಪ್ರಶ್ನೆಯಿತ್ತು. ಮಣಿಪುರದ್ದು ಬೇರೆ. 2023ರ ಮೇ ಆರಂಭದಲ್ಲಿ ಅಲ್ಲಿ ಜನಾಂಗೀಯ ಹಿಂಸೆ ಭುಗಿಲೆದ್ದಾಗ ಸರ್ಕಾರ ಇಂಟರ್‌ನೆಟ್ ಕಡಿತಗೊಳಿಸಿತು. ಮೇ 4ರಂದು ಮಹಿಳೆಯರನ್ನು ಬೆತ್ತಲೆ ಮೆರವಣಿಗೆ ಮಾಡಿದ ವಿಡಿಯೊ ದೇಶಕ್ಕೆ ತಿಳಿದದ್ದು ಜುಲೈ 19ಕ್ಕೆ. ಇಂಫಾಲದ ಪತ್ರಿಕೆಗಳು ಒಂದು ಪಕ್ಷ ವಹಿಸಿದ ಬಗೆಯನ್ನೂ ಇಂಟರ್‌ನೆಟ್ ಕಡಿತದಿಂದ ಸುದ್ದಿ ಕೆಟ್ಟ ಬಗೆಯನ್ನೂ ಪರಿಶೀಲಿಸಿ ಎಡಿಟರ್ಸ್ ಗಿಲ್ಡ್ ಸೆಪ್ಟೆಂಬರ್‌ನಲ್ಲಿ ವರದಿ ಹೊರತಂದಿತು. ದಿನಗಳೊಳಗೆ ಅದನ್ನು ಬರೆದವರ ಮೇಲೇ ಎಫ್‌ಐಆರ್ ದಾಖಲಾಯಿತು. ಬಂಧನವಾಗದಂತೆ ಅವರು ಸುಪ್ರೀಂ ಕೋರ್ಟ್ ಮೊರೆಹೋಗಬೇಕಾಯಿತು.