ತಾಂಗಾದ ನಾರು, ಪರದೇಶದ ಸಿವುಡು

1893ರಲ್ಲಿ ರಿಚರ್ಡ್ ಹಿಂಡೋರ್ಫ್ ಎಂಬ ಜರ್ಮನ್ ಕೃಷಿತಜ್ಞ ಅಮೆರಿಕದ ಫ್ಲಾರಿಡಾದಿಂದ ಸಾವಿರ ಕತ್ತಾಳೆ ಮರಿಗಳನ್ನು ತರಿಸಿದ. ಹಡಗಿನಲ್ಲಿ ಹ್ಯಾಂಬರ್ಗ್ ಮುಟ್ಟಿ, ಅಲ್ಲಿಂದ ಪೂರ್ವ ಆಫ್ರಿಕದ ತಾಂಗಾ ಬಂದರಿಗೆ ಬರುವಷ್ಟರಲ್ಲಿ ಜೀವ ಹಿಡಿದುಕೊಂಡಿದ್ದವು 62 ಮಾತ್ರ. ಸತ್ತ ಮೊಸಳೆಯ ಹೊಟ್ಟೆಯೊಳಗೆ ಬಚ್ಚಿಟ್ಟು ಕದ್ದು ತಂದದ್ದೆಂಬ ಕಥೆಯೂ ಇದೆ. ಈ ಕತ್ತಾಳೆಯ ತವರಾದ ಮೆಕ್ಸಿಕೊ ತನ್ನ ಗಿಡವನ್ನು ಹೊರಗೆ ಬಿಡಲು ಒಪ್ಪುತ್ತಿರಲಿಲ್ಲವಾದ್ದರಿಂದ ಇಂಥ ಕಥೆ ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ. ಉಳಿದ 62ನ್ನು ಪಂಗಾನಿ ನದಿಯ ಸೀಮೆಯಲ್ಲಿ ನೆಟ್ಟರು. ಐದೇ ವರ್ಷಗಳಲ್ಲಿ ಅವು 63 ಸಾವಿರವಾದವು.

ನಮ್ಮ ಬಯಲುಸೀಮೆಯ ಹೊಲದ ಬದುಗಳಲ್ಲಿ ಕಾಣುವ ಕತ್ತಾಳೆಯ ಬಳಗಕ್ಕೇ ಸೇರಿದ ಗಿಡ ಸೈಸಲ್. ತಾಂಗಾದವರ ಸ್ವಾಹಿಲಿ ಭಾಷೆಯಲ್ಲಿ ಇದು ಎಂಕೊಂಗೆ. ಇದರ ನಾರು ಕತಾನಿ. ಬೇಲಿಗೆ ನೆಡುವ ಈ ಬಳಗದ ಗಿಡವನ್ನು ಜರ್ಮನ್ನರು ಸಮುದ್ರ ದಾಟಿಸಿದ್ದಕ್ಕೆ ಬಲವಾದ ಕಾರಣವಿತ್ತು. ಅಮೆರಿಕ, ಯುರೋಪುಗಳ ಗೋಧಿ ಹೊಲಗಳಿಗೆ ಆಗಷ್ಟೇ ಹೊಸ ಯಂತ್ರ ಇಳಿದಿತ್ತು. ಪೈರು ಕೊಯ್ದು, ಸಿವುಡು ಮಾಡಿ, ಹುರಿಯಿಂದ ಬಿಗಿದು ಗಂಟು ಹಾಕುವ ತನಕ ಎಲ್ಲವನ್ನೂ ಅದೇ ಮಾಡುತ್ತಿತ್ತು. ಪ್ರತಿ ಸುಗ್ಗಿಗೂ ಅದಕ್ಕೆ ಲೆಕ್ಕವಿಲ್ಲದಷ್ಟು ಹುರಿ ಬೇಕು. ಒಮ್ಮೆ ಕಟ್ಟಿದ ಹುರಿ ಕಣದಲ್ಲಿ ಕತ್ತರಿಸಿಹೋಗುತ್ತದೆ, ಮುಂದಿನ ವರ್ಷಕ್ಕೆ ಮತ್ತೆ ಹೊಸದು. ಹಾಗಾಗಿ ತಾಂಗಾದ ಅದೃಷ್ಟ ಶುರುವಿನಿಂದಲೇ ಬೇರೆಯವರ ಸುಗ್ಗಿಗೆ ಅಂಟಿಕೊಂಡಿತು.

ಕತ್ತಾಳೆ ಎಲೆಯಿಂದ ನಾರು ತೆಗೆಯುವುದು ಸಲೀಸಾದ ಕೆಲಸವಲ್ಲ. ಗಿಡ ನೆಟ್ಟು ಎರಡು ಮೂರು ವರ್ಷವಾದ ಮೇಲೆ ಮೊದಲ ಕೊಯ್ಲು. ಆಳು ಬಗ್ಗಿ ಬುಡದ ಎಲೆಗಳನ್ನು ಒಂದೊಂದಾಗಿ ಕತ್ತಿಯಿಂದ ಕೊಯ್ಯುತ್ತಾನೆ, ತುದಿಯ ಮುಳ್ಳು ಸವರುತ್ತಾನೆ, 30 ಎಲೆಗೆ ಒಂದರಂತೆ ಕಂತೆ ಕಟ್ಟುತ್ತಾನೆ. ಎಲೆಯ ರಸ ಚರ್ಮಕ್ಕೆ ತಾಗಿದರೆ ತುರಿಕೆ, ಉರಿ. ಕಂತೆಗಳು ತೋಟದೊಳಗಿನ ಪುಟ್ಟ ರೈಲುಹಳಿಯ ಮೇಲೆ ಟ್ರಾಲಿಯಲ್ಲಿ ಕಾರ್ಖಾನೆ ಸೇರಬೇಕು. ಎಲೆ ಒಣಗಿತೋ ತಿರುಳು ನಾರಿಗೆ ಕಚ್ಚಿಕೊಂಡು ಬಿಡದು. ಅಲ್ಲಿ ಗಿರ್ರೆಂದು ತಿರುಗುವ ಉರುಳೆಗಳ ಮೊಂಡು ಅಲಗುಗಳು ಎಲೆಯನ್ನು ಜಜ್ಜಿ ಕೆರೆಯುತ್ತವೆ, ಮೇಲಿಂದ ನೀರು ಸುರಿಯುತ್ತಲೇ ಇರುತ್ತದೆ. ಹಸಿರು ತಿರುಳೆಲ್ಲ ಕೊಚ್ಚಿಹೋಗಿ ಇನ್ನೊಂದು ಬದಿಯಿಂದ ತೆಳುಹಳದಿ ನಾರಿನ ಜೊಂಪೆ ಹೊರಬರುತ್ತದೆ. ಅದನ್ನು ತಂತಿಯ ಮೇಲೆ ಹರವಿ ಬಿಸಿಲಿಗೆ ಒಣಗಿಸಿ, ಬ್ರಷ್ ಯಂತ್ರದಲ್ಲಿ ಬಾಚಿ, ಉದ್ದ ಮತ್ತು ಬಣ್ಣ ನೋಡಿ ದರ್ಜೆ ಮಾಡಿ, ಒತ್ತಿ ಬೇಲ್ ಕಟ್ಟುತ್ತಾರೆ. ಎಲೆಯ ತೂಕದಲ್ಲಿ ಕೈಗೆ ಸಿಗುವ ನಾರು ನೂರಕ್ಕೆ ನಾಲ್ಕೈದು ಪಾಲು ಮಾತ್ರ. ಮಿಕ್ಕಿದ್ದು ಹಳ್ಳಕ್ಕೆ, ಹೊಳೆಗೆ.

1913ರ ಹೊತ್ತಿಗೆ ಜರ್ಮನ್ ಪೂರ್ವ ಆಫ್ರಿಕ ವರ್ಷಕ್ಕೆ 20 ಸಾವಿರ ಟನ್ನಿಗೂ ಹೆಚ್ಚು ನಾರು ಸಾಗಿಸುತ್ತಿತ್ತು. ಮರುವರ್ಷ ಮೊದಲ ಮಹಾಯುದ್ಧ ಬಂತು. 1914ರ ನವೆಂಬರಿನಲ್ಲಿ ತಾಂಗಾವನ್ನು ಹಿಡಿಯಲು ಬ್ರಿಟಿಷರು ಭಾರತದಿಂದ ಕಳಿಸಿದ ಪಡೆಯಲ್ಲಿ 27ನೇ ಬೆಂಗಳೂರು ಬ್ರಿಗೇಡ್ ಕೂಡ ಇತ್ತು. ಸುಮಾರು ಎಂಟು ಸಾವಿರ ಜನ ಇಳಿದರೂ, ಜರ್ಮನ್ ಸೇನಾನಿ ಲೆಟ್ಟೊವ್-ಫೊರ್ಬೆಕ್‌ನ ಸಾವಿರದಷ್ಟು ಸೈನಿಕರ ಎದುರು ಸೋತು ಹಡಗು ಹತ್ತಿದರು. ಕಾದಾಟದ ನಡುವೆ ಜೇನುನೊಣಗಳು ಎದ್ದು ಸಿಪಾಯಿಗಳನ್ನು ಅಟ್ಟಾಡಿಸಿದ್ದರಿಂದ ಅದಕ್ಕೆ ಜೇನುಗಳ ಯುದ್ಧ ಎಂಬ ಹೆಸರೂ ಬಂತು. ಕೊನೆಗೆ ನಾಡು ಬ್ರಿಟಿಷರ ಪಾಲಾಗಿ ಟಾಂಗನಿಕಾ ಆಯಿತು. ಮುಟ್ಟುಗೋಲಾದ ಜರ್ಮನ್ ತೋಟಗಳನ್ನು ಬ್ರಿಟಿಷರು, ಗ್ರೀಕರು, ಭಾರತೀಯರು ಕೊಂಡರು. ಕಛ್‌ನ ಮಾಂಡವಿಯಿಂದ ಹೋಗಿ ನೆಲೆಸಿದ ಕರೀಂಜೀ ಮನೆತನ ದೊಡ್ಡ ಕತ್ತಾಳೆ ತೋಟಗಾರರ ಸಾಲಿಗೆ ಸೇರಿತು.

ಧಣಿಗಳು ಬದಲಾದರು, ಆಳಿನ ಪಾಡು ಬದಲಾಗಲಿಲ್ಲ. ಕಿಗೋಮಾದಂಥ ದೂರದ ಸೀಮೆಗಳಿಂದಲೂ ಗಡಿಯಾಚೆಯಿಂದಲೂ ಕರಾರಿನ ಮೇಲೆ ಬಂದವರನ್ನು ಮನಾಂಬಾ ಎನ್ನುತ್ತಿದ್ದರು. ಅವರ ಕೈಗೊಂದು ಕಿಪಾಂಡೆ, ಎಂದರೆ ಹಾಜರಿ ಚೀಟಿ. ಆ ದಿನಕ್ಕೆ ಗೊತ್ತುಮಾಡಿದ ಕಂತೆಗಳನ್ನು ಕೊಯ್ದು ಮುಗಿಸಿದರೆ ಮಾತ್ರ ಅದರಲ್ಲಿ ಒಂದು ಗುರುತು. 30 ಗುರುತು ತುಂಬಿದ ಮೇಲೆ ಕೂಲಿ. ಜ್ವರ ಬಂದು ಮಲಗಿದರೆ, ಕಂತೆ ಕಡಿಮೆಯಾದರೆ, ತಿಂಗಳು ಕಳೆದರೂ ಚೀಟಿ ತುಂಬುತ್ತಿರಲಿಲ್ಲ. ಈ ನಾರಿನ ಚರಿತ್ರೆಯಲ್ಲಿ ಹಿಂಡೋರ್ಫ್‌ನ ಹೆಸರಿದೆ. ಉರಿಯುವ ಕೈಗಳಲ್ಲಿ ಎಲೆ ಕೊಯ್ದವರು ಉಳಿದಿರುವುದು ಟನ್ನಿನ ಲೆಕ್ಕದೊಳಗೆ ಮಾತ್ರ. ಇದು ದೊಡ್ಡ ಅನ್ಯಾಯ.

1942ರಲ್ಲಿ ಜಪಾನ್ ಫಿಲಿಪ್ಪೀನ್ಸನ್ನೂ ಇಂಡೋನೇಷ್ಯಾದ ದ್ವೀಪಗಳನ್ನೂ ಹಿಡಿದಾಗ ಹಡಗಿನ ಹಗ್ಗಕ್ಕೆ ಬೇಕಾದ ಮನಿಲಾ ನಾರು ಮಿತ್ರರಾಷ್ಟ್ರಗಳಿಗೆ ಸಿಗದಂತಾಯಿತು. ಎಲ್ಲರ ಕಣ್ಣೂ ತಾಂಗಾದತ್ತ ಹೊರಳಿತು. ಕೊರಿಯಾ ಯುದ್ಧ ಬಂದಾಗ ಬೆಲೆ ಮತ್ತೆ ಗಗನಕ್ಕೇರಿತು. ಟಾಂಗನಿಕಾ ಜಗತ್ತಿನಲ್ಲೇ ಅತಿ ಹೆಚ್ಚು ಸೈಸಲ್ ಬೆಳೆಯುವ ನಾಡಾಯಿತು. 1964ರಲ್ಲಿ ಉತ್ಪಾದನೆ ಸುಮಾರು 2 ಲಕ್ಷ 30 ಸಾವಿರ ಟನ್. ನಾರು ಹುರಿಗಷ್ಟೇ ಹೋಗುತ್ತಿರಲಿಲ್ಲ. ಚಾಪೆ, ಜಮಖಾನೆ, ಚೀಲಗಳಿಗೆ ಹೋಯಿತು. ಲಿಫ್ಟು ಎಳೆಯುವ ಉಕ್ಕಿನ ಹಗ್ಗದ ನಡುವಿನ ಎಳೆಯಾಯಿತು. ಲೋಹಕ್ಕೆ ಹೊಳಪು ಕೊಡುವ ಚಕ್ರಗಳಿಗೆ ಬಟ್ಟೆಯಾಯಿತು. ಇಂಗ್ಲೆಂಡಿನ ಪಬ್ಬುಗಳಲ್ಲಿ ಆಡುವ ಡಾರ್ಟ್ಸ್ ಹಲಗೆಯೂ ಪೂರ್ವ ಆಫ್ರಿಕದ ಸೈಸಲ್ಲಿನದೇ. ಬಾಣ ಕಿತ್ತೊಡನೆ ಒತ್ತಾಗಿ ಕೂಡಿಸಿದ ನಾರು ತಾನಾಗಿ ಮುಚ್ಚಿಕೊಳ್ಳುತ್ತದೆ.

ಬಿದ್ದದ್ದು ಬೇಗ. ಕಟಾವು, ಒಕ್ಕಣೆ ಎರಡನ್ನೂ ಒಟ್ಟಿಗೆ ಮಾಡುವ ಯಂತ್ರ ಬಂದ ಮೇಲೆ ಸಿವುಡು ಕಟ್ಟುವ ಕೆಲಸವೇ ಇಲ್ಲವಾಗತೊಡಗಿತ್ತು. ಹುಲ್ಲಿನ ಪಿಂಡಿ ಕಟ್ಟುವ ಕೆಲಸ ಉಳಿದಿತ್ತು. 1960ರ ದಶಕದಲ್ಲಿ ಅದಕ್ಕೂ ಪಾಲಿಪ್ರೊಪಿಲೀನ್ ಹುರಿ ಬಂತು. ಟಾಂಗನಿಕಾ ಅಷ್ಟರಲ್ಲಿ ಸ್ವತಂತ್ರವಾಗಿ ಟಾಂಜಾನಿಯಾ ಎನಿಸಿತ್ತು. 1967ರಲ್ಲಿ ಸಮಾಜವಾದದ ಹಾದಿ ಸಾರಿದ ಅರುಷಾ ಘೋಷಣೆಯ ಬಳಿಕ ಅದರ ಸರ್ಕಾರ ಹಲವು ತೋಟಗಳನ್ನು ವಶಕ್ಕೆ ತೆಗೆದುಕೊಂಡಿತು. ಆಡಳಿತದ ದೋಷ ಇರಲಿಲ್ಲವೆಂದಲ್ಲ. ಆದರೆ ಇಡೀ ಕುಸಿತವನ್ನು ರಾಷ್ಟ್ರೀಕರಣದ ತಲೆಗೆ ಕಟ್ಟುವುದು ಸರಿಯಲ್ಲ. ಬೆಲೆ ಅದಕ್ಕೂ ಮೊದಲೇ ನೆಲ ಕಚ್ಚಿತ್ತು. 1990ರ ದಶಕ ಮುಗಿಯುವಾಗ ಉತ್ಪಾದನೆ ಹಿಂದಿನದರ ಹತ್ತನೇ ಒಂದು ಪಾಲಿನ ಆಸುಪಾಸಿಗೆ ಇಳಿದಿತ್ತು. ಬ್ರೆಜಿಲ್ ಎಂದೋ ಮುಂದೆ ಹೋಗಿತ್ತು.

ತೋಟಗಳು ಮತ್ತೆ ಖಾಸಗಿಯವರ ಕೈಗೆ ಬಂದ ಮೇಲೆ ಕೆಲವೆಡೆ ಸಣ್ಣ ರೈತರೇ ತುಂಡುಭೂಮಿಯಲ್ಲಿ ಸೈಸಲ್ ಬೆಳೆದು ಕಾರ್ಖಾನೆಗೆ ಎಲೆ ಹಾಕುವ ಕ್ರಮ ಶುರುವಾಯಿತು. 2007ರ ಸುಮಾರಿಗೆ ತಾಂಗಾ ಬಳಿಯ ಹಾಲೆ ತೋಟದಲ್ಲಿ ಕತಾನಿ ಕಂಪನಿ ಗೋಬರ್ ಗ್ಯಾಸ್ ಮಾದರಿಯ ದೊಡ್ಡದೊಂದು ಸ್ಥಾವರ ಕಟ್ಟಿತು. ಹಿಂದೆ ಹೊಳೆಗೆ ಬಿಡುತ್ತಿದ್ದ ತಿರುಳನ್ನು ತೊಟ್ಟಿಯಲ್ಲಿ ಕೊಳೆಸಿ ಅನಿಲ ತೆಗೆದರು, ಅನಿಲದಿಂದ ವಿದ್ಯುತ್ ಮಾಡಿದರು, ಉಳಿದ ಬಗ್ಗಡವನ್ನು ಗೊಬ್ಬರವಾಗಿ ಬಳಸಲು ಹೊರಟರು.